ಹದಿನಾಲ್ಕನೆಯವಳ ಮೂರು ಉತ್ತರ

ಪುಸ್ತಕವನ್ನು ದ್ರಾಕ್ಷಿಯ ಕೆಳಗೆ ಇಡಬೇಕೋ ಮೇಲೆ ಇಡಬೇಕೋ ಎಂಬುದು ಬಸ್ಸು ಬರುವವರೆಗೂ ಗೋಪಾಲಮ್ಮನಿಗೆ ತೀರ್ಮಾನವಾಗಲಿಲ್ಲ. ಕೆಳಗಿಟ್ಟರೆ ರಸ ಇಳಿದು ರಟ್ಟು ಕಲೆಯಾಗುತ್ತದೆ. ಮೇಲಿಟ್ಟರೆ ಚೀಲದ ಬಾಯಿ ತೆರೆದ ಕೂಡಲೇ ಕಾಣುವುದು ಅದೇ. ಕಾಣಲಿ ಎಂದು ತಾನೆ ಹೊರಟಿರುವುದು ಎಂದುಕೊಂಡು ಮೇಲಿಟ್ಟಳು. ನಿಲ್ದಾಣದಲ್ಲಿದ್ದ ಪಕ್ಕದ ಬೀದಿಯ ಹೆಂಗಸೊಬ್ಬಳು, 'ಏನ್ ಮೇಷ್ಟ್ರಮ್ಮ, ಭಾನುವಾರಾನೂ ಪುಸ್ತಕ ಬಿಡಲ್ವಾ?' ಎಂದು ನಕ್ಕಾಗ, ಕಳ್ಳಮಾಲು ಸಿಕ್ಕಿಬಿದ್ದಂತಾಗಿ, ಅದನ್ನು ಗೊಂಚಲುಗಳ ಅಡಿಗೆ ತುರುಕಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಯಲಹಂಕದ ಮನೆಗಳು ಮುಗಿದು ದ್ರಾಕ್ಷಿತೋಟಗಳ ಕಲ್ಲುಕಂಬಗಳು ಶುರುವಾದಾಗ ಚೀಲದೊಳಗೆ ಕೈ ಹಾಕಿ, ಹಣ್ಣುಗಳ ನಡುವೆ ರಟ್ಟಿನ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹೇಳಬೇಕಾದ ಮಾತನ್ನು ಒಂಬತ್ತು ದಿನದಿಂದ ಜೋಡಿಸುತ್ತಿದ್ದಳು. ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ. ಇಷ್ಟೇ. ಆದರೆ ಯಾರಿಗೆ ಹೇಳಬೇಕೋ ಅವಳನ್ನು ಯಾವ ಹೆಸರಿನಿಂದ ಕರೆದು ಹೇಳುವುದು? ಮುನಿಕೆಂಪಮ್ಮ ಎಂದರೆ ಜೈಲಿನ ರಿಜಿಸ್ಟರು ಕರೆದಂತಾಗುತ್ತದೆ. ಜೈನಾಬ್ ಎಂದರೆ, ಅಂದು ಹಾಗೆ ಕರೆಯದವಳು ಇಂದು ಬಂದು ಕರೆದರೆ, ಲಂಚ ಕೊಟ್ಟಂತಾಗುತ್ತದೆ.

ಪುಸ್ತಕ ಅಂಚೆಯಲ್ಲಿ ಶಾಲೆಯ ವಿಳಾಸಕ್ಕೆ ಬಂದಿತ್ತು. ಪೂರಾ ಇಂಗ್ಲಿಷು. ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುತ್ತಿದ್ದ ವೆಂಕಟರಾಮಯ್ಯನವರು, ಜೈಲುಗಳಲ್ಲಿ ಕೈದಿಗಳು ಮತ ಬದಲಾಯಿಸುವುದರ ಬಗ್ಗೆ ಐದು ವರ್ಷ ಕೂತು ಬರೆದದ್ದು. ಮುವ್ವತ್ತು ದಾಟಿದ ಮೇಲೆ ಸಂಜೆಯ ಪಾಠಶಾಲೆಯಲ್ಲಿ ಅಕ್ಷರ ಕಲಿತ ಗೋಪಾಲಮ್ಮನಿಗೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ತನ್ನ ಹೆಸರನ್ನು ಗುರುತಿಸುವಷ್ಟು ಬರುತ್ತಿತ್ತು. ಹೆಡ್‌ಮೇಷ್ಟ್ರು ರಾಮಕೃಷ್ಣಪ್ಪನವರು ಮುನ್ನುಡಿಯನ್ನು ಎಲ್ಲರಿಗೂ ಕೇಳುವಂತೆ ಓದಿ, 'ನಿಮ್ಮ ಹೆಸರು ಅಚ್ಚಾಗಿದೆ ಕಣ್ರೀ ಗೋಪಾಲಮ್ಮನೋರೆ, ಬರೀ ಕೈಲಿ ಬಿಡಲ್ಲ, ಖಾರಾಬೂಂದಿ ತರಿಸಿ' ಎಂದರು. ಖಾರಾಬೂಂದಿ ಬಂತು. ಎಲ್ಲರೂ ಕೈಯೊರೆಸಿಕೊಂಡು ಹೋದ ಮೇಲೆ ಅವಳು, 'ಸಾರ್, ಒಳಗೆ ಹದಿನಾಲ್ಕು ಅಂತ ಎಲ್ಲಾದ್ರೂ ಇದೆಯಾ ನೋಡಿ' ಎಂದು ಕೇಳಿದಳು. ಇತ್ತು. ಅವರು ಕನ್ನಡಕ ಮೇಲೇರಿಸಿ ನಿಧಾನವಾಗಿ ಕನ್ನಡ ಮಾಡಿ ಹೇಳಿದರು: ಹದಿನಾಲ್ಕನೆಯ ಕೈದಿ, ಹೆಂಗಸು, ಸುಮಾರು ಇಪ್ಪತ್ತೆಂಟು ವರ್ಷ. ಒಂದೇ ಪ್ರಶ್ನೆಗೆ ಮೂರು ವಾರದಲ್ಲಿ ಮೂರು ಬೇರೆ ಕಾರಣಗಳನ್ನು ಕೊಟ್ಟಳು. ಇಂಥವರ ಮತಾಂತರ ನಂಬಿಕೆಯಿಂದ ಆದದ್ದಲ್ಲ, ಅನುಕೂಲದಿಂದ ಆದದ್ದು ಎಂದು ತಿಳಿಯಬೇಕಾಗುತ್ತದೆ. 'ಎಷ್ಟು ಚೆನ್ನಾಗಿ ಹಿಡಿದಿದಾರೆ ನೋಡಿ!' ಎಂದು ರಾಮಕೃಷ್ಣಪ್ಪನವರು ಪುಸ್ತಕ ಮುಚ್ಚಿದರು. ಗೋಪಾಲಮ್ಮ ಹೌದು ಸಾರ್ ಎಂದಳು. ಆ ಹೌದು ಸಾರ್ ಈಗ, ಜಕ್ಕೂರಿನ ಕಡೆಯಿಂದ ಸಣ್ಣ ವಿಮಾನವೊಂದು ಬಸ್ಸಿನ ಮೇಲೆ ಹಾದು ಎಲ್ಲರೂ ಕತ್ತು ಹೊರಳಿಸಿದಾಗ, ಮತ್ತೆ ಬಾಯಿಗೆ ಬಂದಂತಾಗಿ ಅವಳು ತುಟಿ ಕಚ್ಚಿದಳು.

ಆಗ ಅವಳು ಪ್ರತಿ ಗುರುವಾರ ಪಟ್ಟಣದ ಜೈಲಿಗೆ ಹೋಗಿ ಹೆಣ್ಣು ಕೈದಿಗಳಿಗೆ ಅಕ್ಷರ ಹೇಳಿಕೊಡುತ್ತಿದ್ದಳು. ಅರವತ್ತೊಂದನೇ ಇಸವಿ. ವೆಂಕಟರಾಮಯ್ಯನವರಿಗೆ ಹಳ್ಳಿಯ ಹೆಂಗಸರ ಮಾತು ಪೂರ್ತಿ ಹಿಡಿಯುತ್ತಿರಲಿಲ್ಲ, ಗಂಡಸಿನ ಎದುರು ಅವರು ಬಾಯಿಯನ್ನೂ ಬಿಡುತ್ತಿರಲಿಲ್ಲ. ಆದ್ದರಿಂದ ಕೇಳುವವಳೂ ಬರೆದುಕೊಳ್ಳುವವಳೂ ಗೋಪಾಲಮ್ಮನಾದಳು. ಅವರು ಒಳ್ಳೆಯವರು. ತಾವು ನಿಂತಿದ್ದಾಗಲೂ ಅವಳಿಗೆ ಕುರ್ಚಿ ಹಾಕಿಸುತ್ತಿದ್ದರು. ಗೋಪಾಲಮ್ಮನವರೇ ಎಂದು ಪೂರ್ತಿ ಕರೆಯುತ್ತಿದ್ದರು. ಹಾಗೆ ಅವಳನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಮೊದಲ ದಿನ ಜಗಲಿಯ ಮೇಲೆ ಕೂತು ಅವಳಿಗೆ ಅರ್ಥವಾಗಲಿ ಎಂದು ಬಿಡಿಸಿ ಹೇಳಿದ್ದರು: 'ಇನ್ನೊಬ್ಬರ ಮನಸ್ಸಿನ ಒಳಗೆ ನಾವು ಹೋಗೋಕಾಗಲ್ಲ, ಗೋಪಾಲಮ್ಮನವರೇ. ಹೊರಗೆ ಬಂದ ಮಾತನ್ನು ಮಾತ್ರ ನೋಡಬಹುದು. ಈ ಮನುಷ್ಯ ದೇವರಿಗಾಗಿ ಹೋದನೋ ಸಿಹಿಯೂಟಕ್ಕಾಗಿ ಹೋದನೋ, ಹೇಗೆ ಗೊತ್ತಾಗಬೇಕು? ಒಂದೇ ಪ್ರಶ್ನೆಯನ್ನ ವಾರ ಬಿಟ್ಟು ವಾರ ಮೂರು ಸಲ ಕೇಳೋಣ. ಮೂರು ಸಲವೂ ಒಂದೇ ಮಾತು ಬಂದರೆ ಒಳಗೆ ಏನೋ ಒಂದು ಗಟ್ಟಿಯಾಗಿ ನಿಂತಿದೆ ಅಂತ ಊಹಿಸಬಹುದು. ಅದಕ್ಕಿಂತ ಹೆಚ್ಚಿಗೆ ನಮಗೆ ಅಧಿಕಾರ ಇಲ್ಲ.' ಅಧಿಕಾರ ಇಲ್ಲ ಎಂದು ಅವರು ಹೇಳಿದ ರೀತಿಯಲ್ಲಿದ್ದ ವಿನಯ ಅವಳಿಗೆ ಬಹಳ ಹಿಡಿಸಿತ್ತು. ತಮ್ಮ ಮುಖ ನೋಡಿ ಯಾರೂ ಉತ್ತರ ಹೇಳಬಾರದು ಎಂದು ಅವರು ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಕೈದಿಗಳು ಗೋಪಾಲಮ್ಮನ ಮುಖ ನೋಡುತ್ತಿದ್ದರು.

ಮುನಿಕೆಂಪಮ್ಮನನ್ನು ಹದಿನಾಲ್ಕನೆಯವಳಾಗಿ ಕರೆದಾಗ ಅವಳ ಸೊಂಟದಲ್ಲಿ ಮಗು ಇತ್ತು. ಕೆಂಪಾಪುರದವಳು. ಕುಡಿದು ಬಂದು ಹೊಡೆಯುತ್ತಿದ್ದ ಗಂಡನಿಗೆ ಒಂದು ದಿನ ತಿರುಗಿಸಿ ಹೊಡೆದದ್ದು ತಲೆಗೆ ಬಿದ್ದು ಅವನು ಸತ್ತ. ಜೈಲಿಗೆ ಬಂದಾಗ ಬಸುರಿ. ಗಂಗಿ ಹುಟ್ಟಿದ್ದು ಅಲ್ಲೇ, ಹೆಣ್ಣು ವಾರ್ಡಿನ ಗೋಡೆಗಳೊಳಗೆ ನಡೆಯಲು ಕಲಿತದ್ದೂ ಅಲ್ಲೇ. ಆಗ ಅದಕ್ಕೆ ಐದು ತುಂಬಿತ್ತು. ಆರು ತುಂಬಿದರೆ ಮಗುವನ್ನು ಜೈಲಿನಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಗಂಗಿ ತಾಯಿಯನ್ನು ಅವ್ವ ಎನ್ನುತ್ತಿತ್ತು, ಪಕ್ಕದ ಚಾಪೆಯ ಮಲ್ಕಾಳನ್ನು ಅಮ್ಮೀ ಎನ್ನುತ್ತಿತ್ತು. 'ಯಾಕಮ್ಮ ಆ ಮತಕ್ಕೆ ಹೋದೆ?' ಎಂದು ಗೋಪಾಲಮ್ಮ ಕೇಳಿದಾಗ ಮುನಿಕೆಂಪಮ್ಮ ಒಂದಿಷ್ಟೂ ಯೋಚನೆ ಮಾಡಲಿಲ್ಲ. 'ಎರಿಗೆ ಆದ್ಮೇಲೆ ನಂಗೆ ಜರ ಬಂದು ಎದೆ ಬತ್ತೋಯ್ತು ಮೇಷ್ಟ್ರಮ್ಮ. ಮಲ್ಕಾ ಅವಳ ಕೂಸು ಕಳ್ಕೊಂಡು ಬಂದಿದ್ಲು, ಎದ್ಯಾಗೆ ಆಲು ಅಂಗೇ ಇತ್ತು. ಅವಳೇ ಕುಡಿಸಿದ್ಲು, ಎಂಟು ತಿಂಗಳು. ಅವರಲ್ಲಿ ಆಲು ಕುಡಿಸಿದೋಳು ಎತ್ತ ತಾಯಿ ಇದ್ದಂಗೇ ಅಂತೆ. ಅಂಗಂದ್ಮೇಲೆ ಕೂಸು ಅವರದೂ ಆಯ್ತಲ್ಲ. ಕೂಸು ಒಂದ್ಕಡೆ, ನಾನೊಂದ್ಕಡೆ ಎಂಗಿರ್ಲಿ? ಅತ್ಲಾಗೇ ಬಂದೆ.' ಜೈನಾಬ್ ಎಂಬ ಹೆಸರು ಕೂಡ ಮಲ್ಕಾ ಇಟ್ಟದ್ದು; ತೀರಿಕೊಂಡ ತಂಗಿಯ ಹೆಸರಂತೆ. ಗೋಪಾಲಮ್ಮ ಎಲ್ಲವನ್ನೂ ಬರೆದುಕೊಂಡಳು. ಬರೆಯುವಾಗ ಅವಳಿಗೆ, ಇದು ಮತದ ಮಾತೋ ಹಾಲಿನ ಮಾತೋ ಎಂಬ ಪ್ರಶ್ನೆ ಬಂದಿತ್ತು. ಎರಡೂ ಬೇರೆ ಎಂದು ಈ ಹೆಂಗಸಿಗೆ ಯಾರೂ ಹೇಳಿಲ್ಲವೇನೋ ಎನಿಸಿತ್ತು. ವೆಂಕಟರಾಮಯ್ಯನವರು ಓದಿ, ಹಣೆ ಉಜ್ಜಿಕೊಂಡು, 'ಕಾರಣ ಮಗು' ಎಂದು ಅಂಚಿನಲ್ಲಿ ಬರೆದರು.

ಮುಂದಿನ ಗುರುವಾರ ಅದೇ ಪ್ರಶ್ನೆ. ಈ ಸಲ ಮುನಿಕೆಂಪಮ್ಮ ಕೂಡಲೇ ಹೇಳಲಿಲ್ಲ. ಗೋಪಾಲಮ್ಮನ ಮುಖವನ್ನು, ಕೈಯಲ್ಲಿದ್ದ ಪೆನ್ಸಿಲನ್ನು, ಮತ್ತೆ ಮುಖವನ್ನು ನೋಡಿದಳು. ಏನೋ ತಪ್ಪಾಗಿದೆ ಎಂಬುದು ಅವಳ ಕಣ್ಣಿನಲ್ಲಿ ಬಂದು ಕೂತದ್ದನ್ನು ಗೋಪಾಲಮ್ಮ ಕಂಡಳು. ವಾರ್ಡಿನಲ್ಲಿ ಕಾವಲಿನ ಹೆಂಗಸು ದಿನಾ ಹಂಗಿಸುತ್ತಿದ್ದ ಮಾತನ್ನೇ ಮುನಿಕೆಂಪಮ್ಮ ಒಪ್ಪಿಸಿಬಿಟ್ಟಳು: 'ಅಬ್ಬದ ದಿನ ಶ್ಯಾವಿಗೆ ಪಾಯ್ಸ ಸಿಗ್ತದೆ ಅಂತ, ಮೇಷ್ಟ್ರಮ್ಮ.' ಮೂರನೆಯ ಗುರುವಾರ ಅವಳು ತಯಾರಾಗಿ ಬಂದಿದ್ದಳು. ಹನ್ನೊಂದನೆಯವಳಾದ ಮುದುಕಿ ಕನಸಿನ ಮಾತು ಹೇಳಿದಾಗ ಮೇಷ್ಟ್ರು ಗೋಡೆಯಿಂದ ತಿರುಗಿ ಕೂತು ಎರಡು ಪುಟ ಬರೆಸಿದ್ದರೆಂದು ವಾರ್ಡಿಗೆಲ್ಲ ಗೊತ್ತಿತ್ತು. 'ಕನಸ್ನಾಗೆ ಬಿಳೀ ಬಟ್ಟೆ ಉಟ್ಟೋರು ಬಂದು ಬಾ ಅಂತ ಕರೆದ್ರು' ಎಂದು ಒಂದೇ ಉಸಿರಿಗೆ ಹೇಳಿ, ಈಗ ಸರಿಯಾಯಿತೇ ಎಂಬಂತೆ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ನಿಂತಳು.

'ಕೊಡಿಗೇಹಳ್ಳಿ, ಕೊಡಿಗೇಹಳ್ಳಿ' ಎಂದು ಕಂಡಕ್ಟರು ಕೂಗಿದ. ಗೋಪಾಲಮ್ಮ ಹುಟ್ಟಿದ ಊರು. ಇಳಿಯುವವರಿಗೆ ಕಾಲು ಸರಿಸಿಕೊಟ್ಟಳು. ರಸ್ತೆಯಿಂದ ಊರು ಕಾಣುವುದಿಲ್ಲ, ಹುಣಸೆಮರಗಳು ಮಾತ್ರ ಕಾಣುತ್ತವೆ. ಆ ಮರಗಳ ಆಚೆ, ಚಾವಡಿಯ ಮುಂದೆ, ಅವಳ ಅಪ್ಪ ಚಿಕ್ಕಮುನಿಯಪ್ಪ ಮೇಲುಹೊದಿಕೆಯನ್ನು ಕಂಕುಳಿಗೆ ಸೇರಿಸಿಕೊಂಡು ನಿಂತಿದ್ದಾನೆ. ಅವಳಿಗೆ ಎಂಟು ವರ್ಷ. ಯಾರದೋ ಎತ್ತು ಕಳೆದಿದೆ. ಜಮಾದಾರ ಕುರ್ಚಿಯ ಮೇಲೆ ಕೂತು ಕೇಳುತ್ತಾನೆ, ಎಲ್ಲಿದ್ದೆಯೋ ನಿನ್ನೆ? 'ಒಲದಾಗೆ, ಬುದ್ಧಿ.' ಅದು ನಿಜ. ಅವನಿಗೆ ಬುತ್ತಿ ಕೊಟ್ಟು ಬಂದವಳು ಅವಳೇ. ಜಮಾದಾರ ಮೀಸೆ ತೀಡಿಕೊಂಡು ಮತ್ತೆ, ಎಲ್ಲಿದ್ದೆ? 'ಮನ್ಯಾಗೆ, ಬುದ್ಧಿ.' ಎಲ್ಲಿದ್ದೆಯೋ? 'ನೀವು ಎಲ್ಲಿ ಅಂತೀರೋ ಅಲ್ಲಿದ್ದೆ, ಬುದ್ಧಿ.' ಸುತ್ತ ನಿಂತವರು ನಕ್ಕರು. ಆಮೇಲೆ ಅಪ್ಪನಿಗೆ ಬಿದ್ದ ಏಟುಗಳನ್ನು ಅವಳು ಎಣಿಸಲಿಲ್ಲ, ಎಣಿಸಲು ಆಗ ಬರುತ್ತಲೂ ಇರಲಿಲ್ಲ. ದೊಡ್ಡವರು ಕೇಳಿದ್ದನ್ನೇ ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪು ಎಂಬುದು ಅವಳ ಕಡೆಯವರಿಗೆ ಹೇಳಿಕೊಡದೆ ಬರುವ ಪಾಠ. ಅವಳೇ, ಮುವ್ವತ್ತೊಂದು ವರ್ಷದ ವಿಧವೆ, ಸಂಜೆಯ ಪಾಠಶಾಲೆಯಲ್ಲಿ ಏಳೆಂಟಲ ಎಷ್ಟು ಎಂದು ಮೇಷ್ಟ್ರು ಕೇಳಿದಾಗ ಐವತ್ತಾರು ಎಂದಿದ್ದಳು. ಅವರು ಸೀನು ಬಂದದ್ದರಿಂದ ಕೇಳಿಸದೆ, ಎಷ್ಟು ಎಂದರು. ಐವತ್ತನಾಲ್ಕು ಎಂದುಬಿಟ್ಟಳು. ಹಿಂದಿನ ಸಾಲಿನ ಮುದುಕರೂ ನಕ್ಕಿದ್ದರು.

ಎರಡನೆಯ ಗುರುವಾರವೇ ಇದನ್ನು ಹೇಳಬೇಕೆಂದು ಅವಳು ಜಗಲಿಗೆ ಹೋದದ್ದು ನಿಜ. 'ಸಾರ್, ಒಂದು ಮಾತು. ಮತ್ತೆ ಮತ್ತೆ ಕೇಳಿದರೆ ಇವರು...' ವೆಂಕಟರಾಮಯ್ಯನವರು ತಲೆಯೆತ್ತಿ ಪ್ರೀತಿಯಿಂದಲೇ ನೋಡಿದರು. 'ನೀವು ಕೇಳಿ ಬರೆದುಕೊಳ್ಳಿ, ಗೋಪಾಲಮ್ಮನವರೇ. ಅರ್ಥ ಹುಡುಕೋ ತಲೆನೋವು ನನಗಿರಲಿ.' ಅಷ್ಟಕ್ಕೇ ಅವಳು ಹಿಂದೆ ಸರಿದಳು. ಇದುವರೆಗೆ ಆ ಮಾತಿನ ಮೇಲೆ ಎಲ್ಲವನ್ನೂ ಹೊರಿಸಿಕೊಂಡು ಬಂದಿದ್ದಳು: ಅವರು ಕೇಳಿಸಿಕೊಳ್ಳಲಿಲ್ಲ, ನಾನೇನು ಮಾಡಲಿ. ಪುಸ್ತಕ ಬಂದ ಮೇಲೆ ಹಾಗೆ ಹೊರಿಸಲಾಗುತ್ತಿಲ್ಲ. ಇನ್ನೊಂದು ಸಲ ಸಾರ್ ಎಂದಿದ್ದರೆ ಅವರು ಖಂಡಿತ ಕೇಳಿಸಿಕೊಳ್ಳುತ್ತಿದ್ದರು, ಅಂಥ ಮನುಷ್ಯ. ಆದರೆ ಹೇಳುವುದಕ್ಕೆ ಅಪ್ಪನ ಎತ್ತಿನ ಕಥೆ ಹೇಳಬೇಕಾಗುತ್ತಿತ್ತು. ಚಾವಡಿಯ ಮುಂದೆ ಅವನು ಬಗ್ಗಿ ನಿಂತದ್ದನ್ನು, ಏಳೆಂಟಲ ಐವತ್ತನಾಲ್ಕನ್ನು ಹೇಳಬೇಕಾಗುತ್ತಿತ್ತು. ಇದು ನನಗೆ ಹೇಗೆ ಗೊತ್ತೆಂದರೆ ನಾನೂ ಇವರವಳೇ, ಸಾರ್, ಎನ್ನಬೇಕಾಗುತ್ತಿತ್ತು. ಹಾಗೆಂದ ಮೇಲೆ ಕುರ್ಚಿಯ ಮೇಲೆ ಹೇಗೆ ಕೂರುವುದು ಎಂದು ಅವಳು ಅಂದು ಯೋಚಿಸಿದಳೇ? ಯೋಚಿಸಲಿಲ್ಲ; ಯೋಚನೆಗಿಂತ ಮೊದಲೇ ಕಾಲು ಹಿಂದಕ್ಕೆ ಬಂದಿತ್ತು.

ಅಷ್ಟರಲ್ಲಿ ಮಲ್ಕಾ ಶಿಕ್ಷೆ ಮುಗಿಸಿ, ಹೆಬ್ಬಾಳದಲ್ಲಿದ್ದ ತಮ್ಮ ಮುಜಫ್ಫರನ ಮನೆಗೆ ಹೋಗಿ, ಅಲ್ಲಿಂದಲೇ ಗಂಗಿಯನ್ನು ತನಗೆ ಕೊಡಬೇಕೆಂದು ಅರ್ಜಿ ಹಾಕಿದಳು. ತಾಯಿಯೂ ಹೆಬ್ಬೆಟ್ಟು ಒತ್ತಿದಳು. ಜೈಲಿನ ಸೂಪರಿಂಟೆಂಡೆಂಟರು ಕೆಟ್ಟವರಲ್ಲ, ಹೆದರುವ ಮನುಷ್ಯ. ತಾಯಿ ನಿಜವಾಗಿ ಮುಸಲ್ಮಾನಳಾಗಿದ್ದರೆ ಅಡ್ಡಿಯಿಲ್ಲ, ಇಲ್ಲದಿದ್ದರೆ ಹಿಂದೂ ಮಗುವನ್ನು ಆ ಮನೆಗೆ ಕೊಟ್ಟಿರೆಂದು ನಾಳೆ ಯಾರಾದರೂ ಎದ್ದರೆ? ರಿಜಿಸ್ಟರಿನಲ್ಲಿ ತಾಯಿಯ ಹೆಸರೂ ಮತವೂ ಇನ್ನೂ ಬದಲಾಗಿರಲಿಲ್ಲ. ಹೇಗೂ ವಿದ್ವಾಂಸರೊಬ್ಬರು ಇದನ್ನೇ ಪರಿಶೀಲಿಸುತ್ತಿದ್ದಾರಲ್ಲ ಎಂದು ವೆಂಕಟರಾಮಯ್ಯನವರನ್ನು ಅಭಿಪ್ರಾಯ ಬರೆದುಕೊಡಲು ಕೇಳಿದರು. ಅವರು ಎರಡು ದಿನ ಒದ್ದಾಡಿ ಒಂದು ವಾಕ್ಯ ಬರೆದರು. ಅವರ ಅಕ್ಷರ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಶುದ್ಧಪ್ರತಿ ಮಾಡಿದವಳು ಗೋಪಾಲಮ್ಮ. ಬದಲಾವಣೆಯು ಪ್ರಾಮಾಣಿಕವೆಂದು ಹೇಳಲು ಆಧಾರ ಸಾಲದು. ಮಲ್ಕಾಳ ಅರ್ಜಿಯನ್ನು ತಳ್ಳಿಹಾಕಿಸಿದ ಆ ವಾಕ್ಯದ ಒಂದೊಂದು ಅಕ್ಷರವನ್ನೂ ಅವಳು ಗೆರೆ ಎಳೆದುಕೊಂಡು ಗುಂಡಗೆ ಬರೆದಿದ್ದಳು. ಚೆನ್ನಾಗಿ ಬಂತು ಎಂದು ಸಂತೋಷವೂ ಆಗಿತ್ತು, ಅದು ಈಗ ನೆನಪಾದರೆ ಕೈಬೆರಳುಗಳು ಮಡಚಿಕೊಳ್ಳುತ್ತವೆ.

ಹೆಬ್ಬಾಳದ ಕೆರೆಯ ಏರಿ ಬಂತು. ಇಳಿದಾಗ ಮೂರು ಗಂಟೆಯ ಬಿಸಿಲು. ಮೂರು ತಿಂಗಳ ಹಿಂದೆ ಯಲಹಂಕದ ಸಂತೆಗೆ ಪಾತ್ರೆಗೆ ಕಲಾಯಿ ಹಾಕಲು ಬಂದಿದ್ದ ಮುಜಫ್ಫರ್ ಮನೆಯ ಗುರುತು ಹೇಳಿದ್ದ: ಬಾವಿಯ ಪಕ್ಕ, ಹಸಿರು ಬಾಗಿಲು. ಮಾತಿನ ಮಧ್ಯೆ, ಜೈನಾಬ್ ಬಿಡುಗಡೆಯಾಗಿ ಎರಡು ವರ್ಷದಿಂದ ತನ್ನ ಅಕ್ಕ ಮಲ್ಕಾ ಆಪಾನ ಜೊತೆಗೇ ಇದ್ದಾಳೆ ಎಂದೂ ಹೇಳಿದ್ದ. ಗೋಪಾಲಮ್ಮ ಬಾಗಿಲ ಮುಂದೆ ನಿಂತು, ಯಾವ ಹೆಸರನ್ನೂ ಆರಿಸಲಾರದೆ, 'ಮಲ್ಕಾ ಇದಾರಾ?' ಎಂದು ಕೂಗಿದಳು.

'ಅರೆ, ಮೇಷ್ಟ್ರಮ್ಮ!' ಮಲ್ಕಾ ದಪ್ಪಗಾಗಿದ್ದಳು, ಮುಂದಿನ ಹಲ್ಲೊಂದು ಹೋಗಿತ್ತು. 'ಐದು ವರ್ಷಕ್ಕೆ ದಾರಿ ಸಿಕ್ತಾ ನಿಮಗೆ? ಬಸ್ಸು ಅಷ್ಟು ನಿಧಾನಾನಾ? ಜೈನಾಬೂ, ನೋಡು ಯಾರ್ ಬಂದವ್ರೆ! ಪಾಟಿ ಬಳಪ ಎಲ್ಲೋಯ್ತು?'

ಒಳಗೆ ಮಣೆಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದವಳು ಎದ್ದು ನಿಂತಳು. ಬೆರಳುಗಳು ಕಪ್ಪಗಿದ್ದವು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗೋಪಾಲಮ್ಮ ಆ ಎಳೆದುಕೊಂಡ ರೀತಿಯನ್ನು ನೋಡಿದಳು, ಹಣೆಯನ್ನು ನೋಡಿದಳು, ಗೋಡೆಯ ಗೂಡನ್ನು ನೋಡಿದಳು. ಗೂಡಿನಲ್ಲಿ ಒಂದು ಬಾಚಣಿಗೆ ಇತ್ತು. 'ಬನ್ನಿ ಮೇಷ್ಟ್ರಮ್ಮ, ಕೂತ್ಕೊಳಿ' ಎಂದು ಜೈನಾಬ್ ಚಾಪೆ ಹಾಸಿ, ತಾನು ನಿಂತೇ ಇದ್ದಳು.

'ಕೂತ್ಕೋಮ್ಮ ನೀನೂ.'

'ಇರ್ಲಿ.'

'ಅವಳು ಹಂಗೇ. ಓದೋರನ್ನ ಕಂಡ್ರೆ ಜೈಲಾಗಿದ್ದಂಗೇ ನಿಂತ್ಬಿಡ್ತಾಳೆ' ಎಂದು ಮಲ್ಕಾ ದ್ರಾಕ್ಷಿಯ ಗೊಂಚಲುಗಳನ್ನು ಮೊರಕ್ಕೆ ತೆಗೆದಳು. ಕೆಳಗಿಂದ ಪುಸ್ತಕ ಬಂತು. ರಟ್ಟಿನ ಮೇಲೆ ನೀಲಿ ಕಲೆಯಾಗಿತ್ತು. 'ಇದೇನು?'

ಗೋಪಾಲಮ್ಮ ಹೇಳಿದಳು. ಆಗ ಜೈಲಿನಲ್ಲಿ ಪ್ರಶ್ನೆ ಕೇಳುತ್ತಿದ್ದರಲ್ಲ, ಆ ಮೇಷ್ಟ್ರು ಬರೆದದ್ದು, ಇದರಲ್ಲಿ ಇವಳ ಮಾತೂ ಇದೆ. ಮಲ್ಕಾ ಹಾಳೆಗಳನ್ನು ಹೊರಳಿಸಿದಳು. 'ಫೋಟೋ ಐತಾ?'

'ಇಲ್ಲ.'

'ಹೆಸರು?'

'ಹೆಸರಿಲ್ಲ. ಹದಿನಾಲ್ಕು ಅಂತ ಇದೆ.'

ಮಲ್ಕಾ ಹಲ್ಲಿಲ್ಲದ ಕಡೆಯಿಂದ ಗಾಳಿ ಬರುವಂತೆ ನಕ್ಕಳು. 'ಹೆಸರು ಯಾವುದು ಅಂತ ಅಷ್ಟು ಪಂಚಾಯ್ತಿ ಮಾಡಿ, ಕೊನೇಗೆ ಹದಿನಾಲ್ಕಾ! ಕೇಳಿದ್ಯೇನೇ ಹದಿನಾಲ್ಕು, ಹೋಗು, ಟೀ ಇಡು.'

ಜೈನಾಬ್ ಕೂಡ ನಕ್ಕಳು. ಟೀ ಬಂತು. ಗೋಪಾಲಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಒಂಬತ್ತು ದಿನದ ಮಾತನ್ನು ಲೋಟದೊಳಗೆ ನೋಡುತ್ತ ಹೇಳಿದಳು. ಮತ್ತೆ ಮತ್ತೆ ಕೇಳಿದರೆ ನೀನು ಉತ್ತರ ಬದಲಾಯಿಸುತ್ತೀಯ ಎಂದು ನನಗೆ ಗೊತ್ತಿತ್ತಮ್ಮ. ಮೊದಲು ಹೇಳಿದ್ದೇ ನಿನ್ನ ಮಾತು ಎಂದೂ ಗೊತ್ತಿತ್ತು. ನಾನು ಬಾಯಿ ಬಿಟ್ಟಿದ್ದರೆ ಮಗು ಈ ಮನೆಯಲ್ಲಿರುತ್ತಿತ್ತು. ಮಾತು ಮುಗಿದಾಗ, ಅಳು ಬರುತ್ತದೆ ಎಂದುಕೊಂಡಿದ್ದವಳಿಗೆ ಬರಲಿಲ್ಲ, ಬಾಯಿಪಾಠ ಒಪ್ಪಿಸಿದಂತಿತ್ತು. ಮಲ್ಕಾ ದ್ರಾಕ್ಷಿ ಬಿಡಿಸುವುದನ್ನು ನಿಲ್ಲಿಸಿ ಮೊರವನ್ನು ದೂರ ಸರಿಸಿದಳು. ಜೈನಾಬ್ ಮಾತ್ರ ಅತಿಥಿಗೆ ನೋವಾಗದಂತೆ ಸಮಾಧಾನ ಹೇಳಿದಳು: 'ಬುಡಿ ಮೇಷ್ಟ್ರಮ್ಮ. ನೀವೇನ್ ಮಾಡ್ತೀರ. ನೀವು ಬರ್ಕೊಂಡ್ರಿ, ಅಷ್ಟೇ.' ವೆಂಕಟರಾಮಯ್ಯನವರ ಮಾತೇ ಇವಳ ಬಾಯಿಂದ ಬಂದಿತ್ತು. ಕ್ಷಮಿಸಿದ್ದೇನೆ ಎಂದಾಗಲಿ ಕ್ಷಮಿಸುವುದಿಲ್ಲ ಎಂದಾಗಲಿ ಅವಳು ಹೇಳಲಿಲ್ಲ. ತನ್ನಿಂದ ಅಂಥದ್ದೊಂದನ್ನು ಯಾರಾದರೂ ಕೇಳಿಕೊಂಡು ಬರಬಹುದೆಂಬುದೇ ಅವಳಿಗೆ ಹೊಳೆದಂತಿರಲಿಲ್ಲ. ಸ್ವಲ್ಪ ಹೊತ್ತು ಬೆರಳಿನ ಕಪ್ಪನ್ನು ಉಗುರಿನಿಂದ ಕೆರೆಯುತ್ತಿದ್ದು, 'ನಾನೊಂದು ಕೇಳ್ಳಾ?' ಎಂದಳು.

'ಕೇಳಮ್ಮ.'

'ಅವತ್ತು ಜಟಕಾಗೆ ಕೂರಿಸ್ದಾಗ ನಮ್ ಕೂಸು ಅತ್ತುಬುಡ್ತಾ?'

ಅಂದು ಮಗುವಿನ ಕೈ ಹಿಡಿದು ಜೈಲಿನ ದೊಡ್ಡ ಬಾಗಿಲು ದಾಟಿಸಿದವಳು ಗೋಪಾಲಮ್ಮನೇ. ಗಂಗಿಗೆ ಅವಳ ಪರಿಚಯವಿತ್ತು ಎಂದು ಕರೆಸಿದ್ದರು. ತಾಯಿಯನ್ನು ಒಳಗಿನ ಬಾಗಿಲಿನಿಂದ ಈಚೆಗೆ ಬಿಟ್ಟಿರಲಿಲ್ಲ. ಅನಾಥಾಲಯದಿಂದ ಬಂದ ಹೆಂಗಸು ಜಟಕಾದಲ್ಲಿ ಕೂತಿದ್ದಳು. ಗಂಗಿ ಹುಟ್ಟಿದಾಗಿನಿಂದ ಗೋಡೆಯಾಚೆ ಕಂಡಿರಲಿಲ್ಲ. ಅದು ಕುದುರೆಯ ಮುಂದೆ ನಿಂತುಬಿಟ್ಟಿತು. 'ಅಬ್ಬಾ, ಎಷ್ಟು ದೊಡ್ಡ ನಾಯಿ!' ಎಂದು ಚಪ್ಪಾಳೆ ತಟ್ಟಿ ನಕ್ಕಿತು. ಜಟಕಾದವನೂ ನಕ್ಕ. ಗೋಪಾಲಮ್ಮನೂ ನಕ್ಕಿದ್ದಳು. ಆಮೇಲೆ ಅದು ತಾನೇ ಹತ್ತಿ, ನಾಯಿ ಹತ್ತಿರ ಕಾಣುವಂತೆ ಮುಂದೆ ಕೂತಿತು. ಗಾಡಿ ತಿರುಗುವವರೆಗೂ ಹಿಂದೆ ನೋಡಲಿಲ್ಲ. ಎರಡು ವರ್ಷದ ಮೇಲೆ ಗಂಗಿಯನ್ನು ಯಾರೋ ಸಾಕಿಕೊಳ್ಳಲು ಕರೆದುಕೊಂಡು ಹೋದರಂತೆ, ಎಲ್ಲಿಗೆ ಎಂದು ಹೇಳುವುದಿಲ್ಲವಂತೆ, ಮಲ್ಕಾ ಅನಾಥಾಲಯದ ಬಾಗಿಲಿಗೆ ಹೋಗಿ ಹೋಗಿ ಬಂದಳಂತೆ. ಇದನ್ನೆಲ್ಲ ಮುಜಫ್ಫರ್ ಹೇಳಿದ್ದ.

'ಇಲ್ಲಮ್ಮ, ಅಳಲಿಲ್ಲ' ಎಂದಳು ಗೋಪಾಲಮ್ಮ.

ಜೈನಾಬ್ ತಲೆಯಾಡಿಸಿದಳು. ದೂರದಲ್ಲಿ ಅಜಾನ್ ಕೇಳಿಸಿತು. 'ಹೊತ್ತಾಯ್ತು' ಎಂದು ಮಲ್ಕಾ ಎದ್ದಳು. ಇಬ್ಬರೂ ಬಾವಿಯ ಹತ್ತಿರ ಕೈಕಾಲು ತೊಳೆದು ಬಂದು, ಊದುಬತ್ತಿಯ ಕಟ್ಟುಗಳನ್ನು ಬದಿಗೆ ಸರಿಸಿ, ಪಕ್ಕಪಕ್ಕದಲ್ಲಿ ನಿಂತರು. ಗೋಪಾಲಮ್ಮ ಗೋಡೆಗೆ ಒರಗಿ ನೋಡಿದಳು. ಜೈನಾಬ್ ಬಗ್ಗಿದಳು, ಕೂತಳು, ಹಣೆಯನ್ನು ನೆಲಕ್ಕೆ ಇಟ್ಟಳು. ಮಲ್ಕಾಳಿಗಿಂತ ಒಂದು ಗಳಿಗೆ ತಡವಾಗಿ ಏಳುತ್ತಾಳಲ್ಲ, ಅವಳನ್ನು ನೋಡಿ ಮಾಡುತ್ತಿದ್ದಾಳೆಯೇ? ಇಲ್ಲ, ಕಣ್ಣು ಕೆಳಗಿದೆ. ಅಭ್ಯಾಸವೋ ಮನಸ್ಸೋ? ಹಣೆ ನೆಲದ ಮೇಲೆ ಇದ್ದಷ್ಟು ಹೊತ್ತು ಗೋಪಾಲಮ್ಮ ಅವಳ ಬೆನ್ನನ್ನೇ ದಿಟ್ಟಿಸುತ್ತಿದ್ದಳು, ಅಲ್ಲಿ ಎಲ್ಲೋ ಬರೆದಿದೆ ಎಂಬಂತೆ. ಆಮೇಲೆ ತಾನು ಮಾಡುತ್ತಿರುವುದು ಏನೆಂದು ತಿಳಿದು ಮುಖ ತಿರುಗಿಸಿ ಗೋಡೆ ನೋಡುತ್ತ ಕೂತಳು. ಐದು ವರ್ಷದ ಹಿಂದೆ ಇನ್ನೊಬ್ಬರು ಹೀಗೆಯೇ ಗೋಡೆ ನೋಡುತ್ತ ಕೂತಿದ್ದರು.

ಪ್ರಾರ್ಥನೆ ಮುಗಿಸಿ ಬಂದು ಜೈನಾಬ್ ಲೋಟಗಳನ್ನು ಎತ್ತಿಕೊಂಡಳು. ಹೊಸಲಿನ ಹತ್ತಿರ ನಿಂತು, ಬೇರೇನೋ ಕೇಳಲು ಬಂದವಳಂತೆ, 'ಜಟಕಾಗೆ ಕೂರಿಸ್ದಾಗ ಕೂಸು ಅಳ್ಲಿಲ್ವಾ ಮೇಷ್ಟ್ರಮ್ಮ?' ಎಂದಳು.

ಗೋಪಾಲಮ್ಮನಿಗೆ ಬೆನ್ನು ನೆಟ್ಟಗಾಯಿತು. ಏನೋ ತಪ್ಪಾಗಿದೆ. ತಾಯಿಗೆ ಹೋಗಿ, ನಿನ್ನ ಮಗು ನಿನ್ನನ್ನು ಬಿಟ್ಟು ಹೋಗುವಾಗ ಅಳಲಿಲ್ಲ ಎಂದರೆ? 'ಸ್ವಲ್ಪ ಅತ್ತಿತಮ್ಮ' ಎಂಬ ಮಾತು ಅವಳನ್ನು ಕೇಳದೆ ಹೊರಬಂತು. 'ಗಾಡಿ ಹೊರಟ ಮೇಲೆ, ಸ್ವಲ್ಪ. ಆಮೇಲೆ ಸುಮ್ಮನಾಯ್ತು.' ಜೈನಾಬಳ ಮುಖದಲ್ಲಿ ಏನಾದರೂ ಬದಲಾಯಿತೇ ಎಂದು ನೋಡಿದಳು. ಏನೂ ಕಾಣಲಿಲ್ಲ. 'ಊಂ' ಎಂದು ಅವಳು ಲೋಟ ತೊಳೆಯಲು ಹೋದಳು.

ಹೊರಟಾಗ ಮಲ್ಕಾ ಪುಸ್ತಕವನ್ನು ಇಟ್ಟುಕೊಳ್ಳಲಿಲ್ಲ. 'ನಮ್ಮನೇಲಿ ಇದನ್ನ ಓದೋರ್ ಯಾರವ್ರೆ? ಹಾಳೆ ಹರಿದು ಊದ್ಬತ್ತಿ ಕಟ್ಟಬೇಕಾಯ್ತದೆ' ಎಂದು ಚೀಲಕ್ಕೇ ಹಾಕಿದಳು. ಬರಿ ಚೀಲ ಕಳಿಸಬಾರದೆಂದು ಅದರ ಮೇಲೆ ಒಂದು ಕಟ್ಟು ಊದುಬತ್ತಿ ಇಟ್ಟಳು. 'ಯಾವ ದೇವರ ಮುಂದಾದ್ರೂ ಹಚ್ಕೊಳಿ, ಇದು ಕೇಳಲ್ಲ' ಎಂದಳು. ನಗಲಿಲ್ಲ. ಏರಿಯವರೆಗೆ ಜೈನಾಬ್ ಜೊತೆಯಲ್ಲಿ ಬಂದಳು, ಅರ್ಧ ಹೆಜ್ಜೆ ಹಿಂದೆ. ಕೆರೆಯ ನೀರು ಇಳಿದು ಅಂಚಿನಲ್ಲಿ ಕೆಸರು ಒಡೆದಿತ್ತು. ಯಲಹಂಕದ ಬಸ್ಸು ದೂರದಲ್ಲಿ ಧೂಳೆಬ್ಬಿಸಿಕೊಂಡು ಕಂಡಾಗ ಜೈನಾಬ್ ಮುಂದೆ ಬಂದು ಗೋಪಾಲಮ್ಮನ ಚೀಲದ ಒಂದು ಹಿಡಿಯನ್ನು ಹಿಡಿದುಕೊಂಡಳು.

'ನಿಜ ಯೋಳಿ ಮೇಷ್ಟ್ರಮ್ಮ. ಕೂಸು ಅತ್ತುಬುಡ್ತಾ?'

ಗೋಪಾಲಮ್ಮ ಅವಳ ಮುಖ ನೋಡಿದಳು. ಕಣ್ಣು, ತುಟಿ, ಹುಬ್ಬಿನ ನಡುವಿನ ಗೆರೆ, ಒಂದೊಂದನ್ನೂ ನೋಡಿದಳು. ಯಾವುದು ಬೇಕು ಇವಳಿಗೆ? ಅತ್ತಿತು ಎಂದರೆ ಇವಳ ನೆನಪು ಅದಕ್ಕಿತ್ತು ಎಂದಾಗುತ್ತದೆ. ಅಳಲಿಲ್ಲ ಎಂದರೆ ಅದಕ್ಕೆ ನೋವಾಗಲಿಲ್ಲ ಎಂದಾಗುತ್ತದೆ. ಮೊದಲು ಹೇಳಿದ್ದು ನಿಜವಾಗಿತ್ತು, ಅದನ್ನೇ ಹೇಳಿ, ಕುದುರೆಯನ್ನೂ ನಾಯಿಯನ್ನೂ ಚಪ್ಪಾಳೆಯನ್ನೂ ಇವಳ ಕೈಯಲ್ಲಿ ಇಟ್ಟುಬಿಟ್ಟರೆ ಸಾಕಿತ್ತು; ಆ ಮಗುವಿನದು ಎಂದು ಕೊಡಲು ತನ್ನ ಹತ್ತಿರ ಇದ್ದದ್ದು ಅದೊಂದೇ. ಅದು ಗೊತ್ತಿದ್ದೂ ಬಾಯಿ ಬೇರೆ ಕಡೆ ಹೋಯಿತು. 'ಅತ್ತಿತು ಕಣಮ್ಮ. ಬಹಳ ಅತ್ತಿತು. ನನ್ನ ಕೈ ಬಿಡಿಸಿಕೊಂಡು ವಾಪಸ್ ಓಡೋಕೆ ನೋಡಿತು. ನಿನ್ನ ಕರೆದು ಕೂಗಾಡಿತು.'

ಜೈನಾಬಳ ಹಿಡಿ ಬಿಗಿಯಾಯಿತು. 'ಏನಂತ ಕೂಗ್ತು? ಅವ್ವಾ ಅಂತಲಾ, ಅಮ್ಮೀ ಅಂತಲಾ?'

ಬಸ್ಸು ಬಂದು ನಿಂತಿತು. ಹತ್ತುವವರು ಹಿಂದಿನಿಂದ ತಳ್ಳಿದರು. ಚೀಲದ ಹಿಡಿ ಜೈನಾಬಳ ಕೈಯಿಂದ ಜಾರಿತು. ಗೋಪಾಲಮ್ಮ ಮೆಟ್ಟಿಲ ಮೇಲೆ ನಿಂತು ತಿರುಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಕಪ್ಪು ಬೆರಳುಗಳನ್ನು ಸೆರಗಿಗೆ ಒರೆಸುತ್ತ ಆ ಹೆಂಗಸು ಉತ್ತರಕ್ಕಾಗಿ ಕತ್ತು ಮುಂದೆ ಮಾಡಿಕೊಂಡೇ ನಿಂತಿದ್ದಳು. ಧೂಳು ಅವಳನ್ನು ಮುಚ್ಚಿತು. ಕೂರಲು ಜಾಗ ಸಿಗಲಿಲ್ಲ. ಕಂಬ ಹಿಡಿದು ನಿಂತಾಗ ಊದುಬತ್ತಿಯ ವಾಸನೆ ಚೀಲದಿಂದ ಮೇಲಕ್ಕೆ ಬಂತು.

ಕಂಡಕ್ಟರು ಅವಳವರೆಗೆ ಬಂದು, 'ಎಲ್ಲಿಗಮ್ಮಾ?' ಎಂದ.

'ಯಲಹಂಕ.'

ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಪೆನ್ಸಿಲನ್ನು ಕಿವಿಯಿಂದ ತೆಗೆದು, 'ಎಲ್ಲಿಗೆ?' ಎಂದ.

ಗೋಪಾಲಮ್ಮ ಅವನ ಮುಖವನ್ನೇ ನೋಡುತ್ತ ನಿಂತಳು.